ಅಕ್ಕನ ಕಾಲ ಬುಡದ ಪೆಟ್ಟಿಗೆಗಳು

ನನ್ನ ಭಾಮೈದನ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದು ಕೂತಾಗಲೆಲ್ಲ ಮೊದಲು ಬರುವುದು ಸಿಟ್ಟು, ಅದರ ಬೆನ್ನಿಗೇ ನಾಚಿಕೆ. ಸಿಟ್ಟು ಅವನ ಮೇಲೆ, ನಾಚಿಕೆ ನನ್ನ ಮೇಲೆ. ಆದರೂ ಬರೆಯಬೇಕಾದವನು ನಾನೇ. ಇಪ್ಪತ್ತಾರು ವರ್ಷ ಒಂದೇ ಸಂಗೀತ ತಂಡದಲ್ಲಿ ಅವನು ಸದ್ದು ಹೊಂದಿಸುವ ಮಿಕ್ಸರಿನ ಹಿಂದೆ ಕೂತ, ನಾನು ಕೀಬೋರ್ಡಿನ ಹಿಂದೆ ಕೂತೆ, ಮಧ್ಯದಲ್ಲಿ ನಿಂತು ಹಾಡಿದವಳು ಅವನ ಅಕ್ಕ, ನನ್ನ ಹೆಂಡತಿ. ನಮ್ಮಿಬ್ಬರನ್ನೂ ಅವಳಷ್ಟು ಹತ್ತಿರದಿಂದ ಸಹಿಸಿಕೊಂಡವರು ಬೇರೆ ಯಾರೂ ಇಲ್ಲ.

ಅವನನ್ನು ಎಲ್ಲರೂ ಕರೆಯುವುದು 'ಕಿವಿ' ಎಂದು. ಹೆಸರಿಟ್ಟವನು ಅವನು ಮೊದಲು ಕೆಲಸಕ್ಕಿದ್ದ ರೇಡಿಯೊ ರಿಪೇರಿ ಅಂಗಡಿಯ ಯಜಮಾನ. ಗಿರಾಕಿ ಕೆಟ್ಟ ರೇಡಿಯೊ ತಂದು ಮೇಜಿನ ಮೇಲಿಟ್ಟರೆ ಇವನು ಸ್ಕ್ರೂ ಬಿಚ್ಚುವ ಮೊದಲೇ, ಅದರ ಗುರುಗುರು ಕೇಳಿಯೇ, ಒಳಗೆ ಏನು ಸತ್ತಿದೆ ಎಂದು ಹೇಳುತ್ತಿದ್ದನಂತೆ. ಇದು ಕಟ್ಟುಕತೆ ಇರಬಹುದು. ಆದರೆ ಇನ್ನೊಂದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಒಂದು ಹೋಟೆಲಿನ ಹಾಲ್‌ಗೆ ಸಾಮಾನು ಹೊತ್ತು ಹೋಗುತ್ತಿದ್ದಾಗ, ಇನ್ನೂ ಮೆಟ್ಟಿಲ ಮೇಲಿದ್ದವನು ಒಳಗೆ ಯಾರೋ ಹಾಕಿದ್ದ ಹಾಡು ಕೇಳಿ ಹಾಗೇ ನಿಂತು, "ಒಳಗಿರೋ ಎಡಗಡೆ ಸ್ಪೀಕರ್ ಹರಿದಿದೆ" ಅಂದ. ಹೋಗಿ ಬಿಚ್ಚಿ ನೋಡಿದರೆ ಸದ್ದು ಹೊರಡಿಸುವ ಕಾಗದದ ಕೋನಿನಲ್ಲಿ ಉಗುರಿನಷ್ಟು ಹರಕು. ಅವತ್ತಿನಿಂದ ನಾವೆಲ್ಲ ಸೇರಿ ಅವನನ್ನು ಅಟ್ಟಕ್ಕೇರಿಸಿದೆವು. ಏರಿಸಿದ ಮೇಲೆ ಏಣಿ ತೆಗೆದವರೂ ನಾವೇ. ಅದು ಆಮೇಲಿನ ಮಾತು.

ಅವನಿಗೂ ತನ್ನ ಕಿವಿಯ ಮೇಲೆ ಭಾರಿ ಹೆಮ್ಮೆ. ಹೊಸ ಸ್ಪೀಕರ್ ಪರೀಕ್ಷಿಸುವ ಅವನದೇ ಒಂದು ಕ್ರಮವಿತ್ತು. ಮೈಕಿನ ಮುಂದೆ ಮನೆಯ ಬೀಗದ ಕೈ ಗೊಂಚಲನ್ನು ಅಲ್ಲಾಡಿಸುವುದು. ಸ್ಪೀಕರಿನಲ್ಲಿ ಬೀಗದ ಕೈ ಬೀಗದ ಕೈ ಹಾಗೇ ಕೇಳಿದರೆ ಪಾಸು, ಚಿಲ್ಲರೆ ಹಾಗೆ ಕೇಳಿದರೆ ಫೇಲು. "ಹಾಡು ಮೋಸ ಮಾಡತ್ತೆ ಭಾವ, ಬೀಗದ ಕೈ ಮಾಡಲ್ಲ" ಎನ್ನುತ್ತಿದ್ದ. ಬೇರೆಯವರ ಅಭಿಪ್ರಾಯ ಅವನಿಗೆ ಬೇಕಿರಲಿಲ್ಲ. ನನ್ನದಂತೂ ಬೇಡವೇ ಬೇಡ. ಹತ್ತು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ, ಹಾಡಿನ ನಡುವೆ ತನ್ನ ಮೈಕಿನಿಂದ ಎಲ್ಲರಿಗೂ ಕೇಳುವ ಹಾಗೆ, "ಭಾವ, ಆ ಬೆರಳು ಸ್ವಲ್ಪ ಎತ್ತಿ, ಸ್ವರ ತಪ್ಪಿದೆ" ಅಂದಿದ್ದ. ಇನ್ನೂರು ಜನ ನಕ್ಕರು. ಸ್ವರ ತಪ್ಪಿದ್ದು ನಿಜ. ಅದಕ್ಕೇ ಅಷ್ಟು ಉರಿದಿದ್ದು. ಸುಳ್ಳಾಗಿದ್ದರೆ ಮಾರನೆಯ ದಿನ ಮರೆತುಬಿಡುತ್ತಿದ್ದೆ.

ಈಗ ಪೆಟ್ಟಿಗೆಗಳ ವಿಷಯ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ವೇದಿಕೆಯಲ್ಲಿ ಜನರ ಕಡೆಗೆ ಮುಖ ಮಾಡಿದ ಸ್ಪೀಕರ್ ಬೇರೆ, ಹಾಡುವವರ ಕಡೆಗೆ ಮುಖ ಮಾಡಿದ್ದು ಬೇರೆ. ಎರಡನೆಯದಕ್ಕೆ ಮಾನಿಟರ್ ಎನ್ನುತ್ತಾರೆ. ಹಾಡುವವರ ಕಾಲ ಬುಡದಲ್ಲಿ ಓರೆಯಾಗಿ ಮಲಗಿರುತ್ತದೆ. ಅದಿಲ್ಲದಿದ್ದರೆ ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಅದು ಕೆಟ್ಟದಾಗಿದ್ದರೆ ಹಾಡುವವರು ತಮ್ಮ ದನಿಯೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಸಭೆಗೆ ಒಂದು ಕೇಳುತ್ತಿರುತ್ತದೆ, ಅವರಿಗೆ ಇನ್ನೊಂದು.

ನಮ್ಮ ಹಳೆಯ ಮಾನಿಟರುಗಳು ಟ್ರಂಕಿನಷ್ಟು ದೊಡ್ಡವು. ಒಂದನ್ನು ಎತ್ತಲು ಇಬ್ಬರು ಬೇಕು, ಅದನ್ನು ಓಡಿಸುವ ಆಂಪ್ಲಿಫೈಯರ್ ಬೇರೆ. ನನ್ನ ಹೆಂಡತಿ ಕುಳ್ಳಿ. ಮುಂದಿನ ಸಾಲಿನವರಿಗೆ ಪೆಟ್ಟಿಗೆಯ ಮೇಲೆ ಇಟ್ಟ ತಲೆಯೊಂದು ಹಾಡುವಂತೆ ಕಾಣುತ್ತಿದ್ದಳು. ಭಾಮೈದನ ಸೊಂಟವೂ ಅಷ್ಟರಲ್ಲಿ ಕೈಕೊಟ್ಟಿತ್ತು. ದೊಡ್ಡ ಹಾಲ್‌ಗಳೂ ಕಡಿಮೆಯಾಗಿ ನಾವು ಸಣ್ಣ ಜಾಗಗಳಲ್ಲಿ, ಹೋಟೆಲಿನ ಊಟದ ಕೋಣೆ, ಆಫೀಸಿನ ಕ್ಯಾಂಟೀನು ಇಂಥ ಕಡೆ ನುಡಿಸುತ್ತಿದ್ದೆವು. ಆಂಪ್ಲಿಫೈಯರ್ ಒಳಗೇ ಇರುವ, ಒಂದು ಕೈಯಲ್ಲಿ ಎತ್ತಬಹುದಾದ ಪುಟ್ಟ ಮಾನಿಟರ್ ಒಂದು ಜೊತೆ ಬೇಕು ಎಂದು ತೀರ್ಮಾನವಾಯಿತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಅದೇ ದೊಡ್ಡದು. ನನ್ನ ಹೆಂಡತಿ ಮೊದಲ ಬಾರಿಗೆ ತನ್ನೊಬ್ಬಳದೇ ಕಾರ್ಯಕ್ರಮ ಇಟ್ಟುಕೊಂಡಿದ್ದಳು. ಗ್ರಂಥಾಲಯದ ಮೇಲಿನ ಸಭಾಂಗಣ, ನೂರಿಪ್ಪತ್ತು ಕುರ್ಚಿ, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಎರಡು ಗಂಟೆ. ಅಲ್ಲಿಯವರೆಗೆ ನಮ್ಮ ಪೋಸ್ಟರುಗಳಲ್ಲಿ ಅವಳು ಎಂಟು ಮುಖಗಳಲ್ಲಿ ಎಡದಿಂದ ಮೂರನೆಯವಳು. ಈ ಬಾರಿ ಒಂದೇ ಮುಖ. ಐವತ್ತೆರಡನೇ ವಯಸ್ಸಿಗೆ ಫೋಟೊ ತೆಗೆಸಲು ಹೋಗಿ, ನಾಲ್ಕು ಸೀರೆ ಬದಲಾಯಿಸಿ, ಕೊನೆಗೆ ಉಟ್ಟುಕೊಂಡು ಹೋದ ಸೀರೆಯಲ್ಲೇ ತೆಗೆಸಿಕೊಂಡು ಬಂದಳು. ಹಾಡುಗಳ ಪಟ್ಟಿಯನ್ನು ಹನ್ನೊಂದು ಸಲ ಹರಿದು ಬರೆದಳು.

ಮಾನಿಟರ್ ಆರಿಸಲು ನಾನೂ ಭಾಮೈದನೂ ಹೋದೆವು. ಅಂಗಡಿಯ ಹಿಂಭಾಗದಲ್ಲಿ ಕಾರ್ಪೆಟ್ ಹಾಸಿದ ಒಂದು ಕೋಣೆ, ನೆಲದ ಮೇಲೆ ಮೂರು ಜೊತೆ ಪುಟ್ಟ ಪೆಟ್ಟಿಗೆಗಳು. ತೋರಿಸಿದಾಕೆ ನಲವತ್ತರ ಆಸುಪಾಸಿನ ಹೆಂಗಸು, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಬಂದವರನ್ನು ಎಣಿಸಿ ಮೊದಲು ಕೇಳಿದ್ದೇ ಇದು:

"ಹಾಡೋರು ಯಾರು ನಿಮ್ಮಲ್ಲಿ?"

"ನಾವಲ್ಲ, ನನ್ನ ಹೆಂಡ್ತಿ" ಅಂದೆ.

"ಅವರನ್ನ ಕರ್ಕೊಂಡು ಬರ್ಬೇಕಿತ್ತಲ್ವಾ? ಇದು ಅವರ ಕಿವಿಗೆ ತಾನೇ? ಅವರು ಅವರದೇ ಮೈಕ್ ಹಿಡ್ಕೊಂಡು, ನಿಂತ್ಕೊಂಡು, ಜೋರಾಗಿ ಹಾಡಿ ನೋಡ್ಬೇಕು. ಎಷ್ಟು ಏರಿಸಿದ್ರೆ ಸೀಟಿ ಹೊಡೆದ ಹಾಗೆ ಕೂಗತ್ತೆ ಅಂತ ಗೊತ್ತಾಗ್ಬೇಕು. ಸುಮ್ನೆ ಮುಂದೆ ಕೂತು ಹಾಡು ಹಾಕಿ ಕೇಳಿದ್ರೆ ಎಲ್ಲಾ ಪೆಟ್ಟಿಗೆನೂ ಚೆನ್ನಾಗೇ ಇರತ್ತೆ."

"ಅವಳಿಗೆ ಇದೆಲ್ಲ ಏನು ಗೊತ್ತಾಗತ್ತೆ" ಎಂದು ನಾವಿಬ್ಬರೂ ಒಟ್ಟಿಗೇ ಅಂದೆವು. ಜೀವಮಾನದಲ್ಲಿ ಭಾವ ಭಾಮೈದ ಒಂದೇ ಸ್ವರದಲ್ಲಿ ಆಡಿದ ಮಾತು ಅದೊಂದೇ ಇರಬೇಕು.

ಭಾಮೈದ ಬೀಗದ ಕೈ ತೆಗೆದ. ಮೊದಲನೆಯ ಜೊತೆ: ತಲೆ ಅಡ್ಡ ಆಡಿಸಿ "ಮಂಕು" ಅಂದ. ಎರಡನೆಯದು: "ಇದೂ ಮಂಕೇ, ಕಂಬಳಿ ಹೊದಿಸಿದ ಹಾಗಿದೆ" ಅಂದ. ನನ್ನ ಕಿವಿಗೆ ಎರಡೂ ಚೆನ್ನಾಗೇ ಇದ್ದವು. ಮೂರನೆಯದರ ಮುಂದೆ ಗೊಂಚಲು ಅಲ್ಲಾಡಿಸಿದಾಗ ನನ್ನ ಹಲ್ಲು ಜುಮ್ಮೆಂದಿತು, ತಟ್ಟೆಯ ಮೇಲೆ ಫೋರ್ಕ್ ಎಳೆದ ಹಾಗೆ. ಅಂಗಡಿಯಾಕೆ ಕತ್ತು ಓರೆ ಮಾಡಿ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡಳು. ಭಾಮೈದನ ಮುಖ ಅರಳಿತು.

"ಇದು! ಬೀಗದ ಕೈ ಅಂದ್ರೆ ಇದು. ಏನು ಭಾವ?"

ಆ ಕ್ಷಣದಲ್ಲಿ ನನಗೆ ಎಲ್ಲ ಅರ್ಥವಾಯಿತು. ವರ್ಷದಿಂದ ಅವನು ತನ್ನ ಫೋನು ಕೆಟ್ಟಿದೆ, ಬಡಿದುಕೊಳ್ಳುವುದಿಲ್ಲ ಎಂದು ಬೈಯುತ್ತಿದ್ದ. ಅದು ಪಕ್ಕದಲ್ಲೇ ಟಿಣಿಟಿಣಿ ಎನ್ನುತ್ತಿರುತ್ತಿತ್ತು. ನಮ್ಮ ಅಡುಗೆಮನೆಯ ಒವನ್ ಪೀಂ ಪೀಂ ಎಂದು ಕಿರುಚಿದರೂ ಎದುರಿಗೆ ಕೂತು ಪೇಪರ್ ಓದುತ್ತಿದ್ದ. ಮೂವತ್ತು ವರ್ಷ ದೊಡ್ಡ ಸ್ಪೀಕರುಗಳ ಬಗಲಲ್ಲಿ ನಿಂತವನ ಕಿವಿಯಲ್ಲಿ ಮೇಲಿನ ಸದ್ದುಗಳೆಲ್ಲ ಉದುರಿಹೋಗಿದ್ದವು. ಯಾವ ಪೆಟ್ಟಿಗೆ ಬೇರೆಯವರಿಗೆ ಚುಚ್ಚುತ್ತದೋ ಅದು ಮಾತ್ರ ಅವನಿಗೆ ಸರಿಯಾಗಿ ಕೇಳುತ್ತಿತ್ತು.

ನಾನು ಏನು ಹೇಳಬೇಕಿತ್ತು ಎಂಬುದು ಸಣ್ಣ ಮಗುವಿಗೂ ಗೊತ್ತು. ನಾನು ಹೇಳಿದ್ದು: "ನಿನ್ನ ಕಿವಿಗೆ ಸಾಟಿ ಇಲ್ಲ ಬಿಡಪ್ಪ."

ಯಾಕೆ ಹಾಗೆ ಹೇಳಿದೆ ಎಂಬುದನ್ನೂ ಬರೆಯುತ್ತೇನೆ. ಒಂದು ಸಲವಾದರೂ ಇವನು ತಪ್ಪು ಆರಿಸಲಿ, ಒಂದು ಸಲವಾದರೂ ಇನ್ನೂರು ಜನ ಇವನನ್ನು ನೋಡಿ ನಗಲಿ ಎಂದು ಅನ್ನಿಸಿತು. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅಷ್ಟು ಸುಲಭವಾಗಿ ಬಾಯಿಗೆ ಬಂತು, ಅದೂ ಹೊಗಳಿಕೆಯ ವೇಷದಲ್ಲಿ. ಅಂಗಡಿಯಾಕೆ, "ಇದು ಸ್ವಲ್ಪ ಚೂಪು ಸರ್, ಹೆಂಗಸರ ದನಿಗೆ..." ಎಂದು ಶುರುಮಾಡಿದಳು. ಭಾಮೈದ ಅವಳಿಗೆ ರೇಡಿಯೊ ಕಾಲದಿಂದ ಪಾಠ ಹೇಳಲು ತೊಡಗಿದ. ಅವಳು ನನ್ನ ಕಡೆ ನೋಡಿದಳು. ನಾನು ಕಾರ್ಪೆಟ್ ನೋಡಿದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಭಾವ ಭಾಮೈದರ ಹಗೆಯಲ್ಲಿ ಬಡವಾದವಳು ಹೆಂಡತಿ. ನನ್ನ ಮಂದಬುದ್ಧಿಗೆ ಅಷ್ಟೂ ಹೊಳೆದಿರಲಿಲ್ಲ. ಪೆಟ್ಟಿಗೆ ಚುಚ್ಚುವುದು ಸಭೆಗಲ್ಲ, ಅದರ ಮುಂದೆ ನಿಲ್ಲುವವಳಿಗೆ.

ಹೊಸ ಪೆಟ್ಟಿಗೆಯ ಮೊದಲ ಕಾರ್ಯಕ್ರಮದಲ್ಲೇ ಎರಡು ಹಾಡಾದ ಮೇಲೆ ಅವಳು ತಮ್ಮನ ಹತ್ತಿರ ಹೋಗಿ, "ನನ್ನ ದನಿ ಯಾಕೋ ಗೀಚಿದ ಹಾಗೆ ಕೇಳ್ತಿದೆ ಕಣೋ" ಅಂದಳು.

"ಇಷ್ಟು ವರ್ಷ ಆ ಹಳೇ ಡಬ್ಬದಲ್ಲಿ ಕೇಳಿ ಅಭ್ಯಾಸ ನಿಂಗೆ" ಅಂದ ಅವನು. "ಈಗ ನಿನ್ನ ನಿಜವಾದ ದನಿ ಕೇಳಿಸ್ತಿದೆ, ಅಷ್ಟೇ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಆದರೆ ಆ ಮಾತು ಅವಳೊಳಗೆ ಇಳಿದು ಕೂತುಬಿಟ್ಟಿತು. ನಿಜವಾದ ದನಿ ಇದೇ ಆದರೆ ಇಷ್ಟು ವರ್ಷ ಜನ ತನ್ನನ್ನು ಹೇಗೆ ಸಹಿಸಿಕೊಂಡರು ಎಂದು ಅವಳು ಯೋಚಿಸತೊಡಗಿದಳು. ಪೆಟ್ಟಿಗೆ ಗೀಚುತ್ತದೆಂದು ದನಿ ತಗ್ಗಿಸಿದಳು, ತಗ್ಗಿಸಿದ್ದಕ್ಕೆ ಸ್ವರ ಜಾರಿತು, ಜಾರಿದ್ದು ಅವಳಿಗೇ ಗೊತ್ತಾಗಿ ಇನ್ನಷ್ಟು ಹೆದರಿದಳು. ಬೆಳಿಗ್ಗೆ ಉಪ್ಪುನೀರು, ಸಂಜೆ ಬಿಸಿನೀರಿನ ಹಬೆ. ಮನೆಯಲ್ಲಿ ಮಾತು ಬಿಟ್ಟು ಚೀಟಿ ಬರೆಯಲು ಶುರುಮಾಡಿದಳು. 'ಹಾಲು ಉಕ್ಕುತ್ತಿದೆ' ಎಂದು ಬರೆದ ಚೀಟಿ ನನ್ನ ಕೈಗೆ ಬರುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಗಂಟಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ವಯಸ್ಸೇ ಇರಬೇಕು ಎಂದು ಅವಳೇ ತೀರ್ಪು ಕೊಟ್ಟುಕೊಂಡಳು.

ಆ ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಗುಂಡಿ ಇದೆ. ಎಡಕ್ಕೆ ಸ್ವಲ್ಪ ತಿರುಗಿಸಿದ್ದರೆ ಅರ್ಧ ಚೂಪು ಕಡಿಮೆಯಾಗುತ್ತಿತ್ತು. ಸಾಮಾನು ಜೋಡಿಸುವಾಗ ಪ್ರತಿ ಸಲವೂ ಅದು ನನ್ನ ಕೈಗೆ ಸಿಗುತ್ತಿತ್ತು. ತಿರುಗಿಸಿದ್ದರೆ 'ನಿನಗೆ ಮೊದಲೇ ಗೊತ್ತಿತ್ತಾ' ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೇ ಮುಟ್ಟಲಿಲ್ಲ. ಬದಲಿಗೆ ಹೆಂಡತಿಗೆ, "ಸ್ವಲ್ಪ ದಿನ ರೆಸ್ಟ್ ತಗೋ" ಎಂದು ಬುದ್ಧಿ ಹೇಳಿದೆ.

ಆಮೇಲೆ ಬಂದದ್ದು ಕ್ಯಾಂಟೀನಿನ ಮಧ್ಯಾಹ್ನ. ಒಂದು ಆಫೀಸಿನಲ್ಲಿ ಯಾರೋ ನಿವೃತ್ತರಾಗುತ್ತಿದ್ದರು. ತಗ್ಗು ಚಾವಣಿ, ಟೈಲ್ಸ್ ಹಾಕಿದ ಗೋಡೆ, ಸದ್ದು ಎಲ್ಲಿ ತಾಗಿದರೂ ವಾಪಸು ಬರುವ ಜಾಗ. ಮೂರನೆಯ ಹಾಡಿನ ನಡುವೆ ಮಾನಿಟರ್ ಕೂಗತೊಡಗಿತು. ತನ್ನ ಸದ್ದು ಮೈಕಿಗೆ ಹೋಗಿ ಮತ್ತೆ ತನಗೇ ಬಂದು ಬೆಳೆಯುವ ಆ ಸೀಟಿ, ತೆಳ್ಳಗೆ, ಸೂಜಿಯ ಹಾಗೆ. ಭಾಮೈದ ಮಿಕ್ಸರಿನ ಹಿಂದೆ ಆರಾಮವಾಗಿ ಕೂತಿದ್ದ, ಟೀ ಲೋಟ ಕೈಯಲ್ಲಿ. ಜನ ಕಿವಿ ಮುಚ್ಚಿಕೊಂಡರು. ನಿವೃತ್ತರಾದವರ ತಾಯಿ, ವಯಸ್ಸಾದವರು, ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಅವನು ತಲೆಯೆತ್ತಿದ. ಸಭೆಯ ತುಂಬ ಕಿವಿಯ ಮೇಲೆ ಕೈಗಳು. ಅವನಿಗೆ ಮಾತ್ರ ಅಕ್ಕನ ಹಾಡು ಕೇಳುತ್ತಿತ್ತು.

ಅವನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಲೋಟ ಕೆಳಗಿಟ್ಟ, ಬೆರಳು ಗುಂಡಿಯಿಂದ ಗುಂಡಿಗೆ ಓಡಿತು, ಯಾವುದು ಎಂದು ಗೊತ್ತಾಗಲಿಲ್ಲ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೆಳಗೆಳೆದ. ಸದ್ದಡಗಿತು. ನೂರು ಮುಖಗಳು ಅವನ ಕಡೆ ತಿರುಗಿದವು. ಆಗ ಅವನು ತನ್ನ ಮೈಕ್ ಎತ್ತಿಕೊಂಡ.

"ಅಕ್ಕ, ಮೈಕನ್ನ ಮಾನಿಟರ್ ಕಡೆ ತಿರುಗಿಸ್ಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?"

ಅವಳು ತಿರುಗಿಸಿರಲಿಲ್ಲ. ಮೂವತ್ತು ವರ್ಷ ಮೈಕ್ ಹಿಡಿದ ಕೈ ಅದು. ಒಂದು ಕ್ಷಣ ಮೈಕನ್ನೇ ನೋಡಿದಳು, ತಾನೇ ತಿರುಗಿಸಿದೆನೇನೋ ಎಂಬಂತೆ. ಆಮೇಲೆ ಸಭೆಗೆ ಕೈಮುಗಿದು, "ಕ್ಷಮಿಸಿ, ನನ್ನ ತಪ್ಪು" ಅಂದಳು. ಉಳಿದ ಹಾಡುಗಳನ್ನು ಹಾಡಿ ಮುಗಿಸಿದಳು. ಬರುವಾಗ ವ್ಯಾನಿನಲ್ಲಿ ಅವಳಿಗೆ ಚೀಟಿ ಬರೆಯುವ ಮನಸ್ಸೂ ಇರಲಿಲ್ಲ.

ನಾಲ್ಕು ದಿನವಾದ ಮೇಲೆ, ಬೆಳಿಗ್ಗೆ ಹತ್ತು ಗಂಟೆ. ನಮ್ಮ ಊಟದ ಮೇಜು. ಭಾಮೈದ ಕೇಬಲ್‌ಗಳನ್ನು ಸುತ್ತಿ ಕಟ್ಟುತ್ತಿದ್ದ, ನಾನು ಸುಮ್ಮನೆ ಕೂತಿದ್ದೆ. ಅವಳು ಫೋನ್ ಹಿಡಿದು ಬಂದಳು.

"ಗ್ರಂಥಾಲಯದ ಮ್ಯಾನೇಜರ್‌ಗೆ ಫೋನ್ ಮಾಡ್ತಿದೀನಿ. ಕಾರ್ಯಕ್ರಮ ಬೇಡ ಅಂತೀನಿ. ಪೋಸ್ಟರ್ ಅಂಟಿಸಿದ್ರೆ ಕಿತ್ಹಾಕ್ಲಿ."

"ಯಾಕೆ?" ಅಂದೆ. ನಾಚಿಕೆಗೆಟ್ಟವನು, ಯಾಕೆ ಎಂದು ಕೇಳಿದೆ.

"ಯಾಕೆ ಅಂತ ನಿಮಗೆ ಗೊತ್ತಿಲ್ವಾ? ನನ್ನ ಕಾಲ ಹತ್ರಾನೇ ಕೇಳಿಸ್ತಿದೆಯಲ್ಲ. ಯಾರ ಬಾಯಿಂದಾನೋ ಕೇಳೋ ಮುಂಚೆ ನಾನೇ ನಿಲ್ಲಿಸಿದ್ರೆ ಮರ್ಯಾದೆ."

ಅವಳು ನಂಬರ್ ಒತ್ತತೊಡಗಿದಳು. ನಾನು ಭಾಮೈದನ ಮುಖ ನೋಡಿದೆ. ಇವನು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಭಾವ ಏನಾದರೂ ಹೇಳಲಿ ಎಂದು ಅವನು ಕಾಯುತ್ತಿದ್ದನೋ ಏನೋ. ಅತ್ತ ಫೋನ್ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು. ಮೂರು ಸಲ ಹೊಡೆದುಕೊಂಡಿತು. ಆಗ ಅವನು ಎದ್ದು ಅಕ್ಕನ ಕೈಯಿಂದ ಫೋನ್ ಕಿತ್ತುಕೊಂಡು ಕಟ್ ಮಾಡಿದ.

"ನಿನ್ನ ದನಿ ಅಲ್ಲ ಅಕ್ಕ. ನನ್ನ ಕಿವಿ."

"ಅಂದ್ರೆ?"

"ಅವತ್ತು ಆ ಸೀಟಿ ನಂಗೆ ಕೇಳಿಸ್ಲೇ ಇಲ್ಲ. ಈ ಪೆಟ್ಟಿಗೆ ಎಲ್ಲರಿಗೂ ಚುಚ್ಚತ್ತೆ. ನಂಗೆ ಚುಚ್ಚಲ್ಲ. ಮೇಲಿನ ಸದ್ದು ನಂಗೆ ಹೋಗಿದೆ. ಮೊನ್ನೆ ಕದ್ದುಮುಚ್ಚಿ ಪರೀಕ್ಷೆ ಮಾಡಿಸ್ಕೊಂಡು ಬಂದೆ." ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಒಂದು ಗೆರೆ ಅರ್ಧದವರೆಗೆ ನೆಟ್ಟಗೆ ಹೋಗಿ ಆಮೇಲೆ ಮೆಟ್ಟಿಲಿಂದ ಬಿದ್ದ ಹಾಗೆ ಕೆಳಗೆ ಬಿದ್ದಿತ್ತು. "ಇಲ್ಲಿಂದಾಚೆ ಏನೂ ಇಲ್ಲ."

ಅವಳು ಕಾಗದವನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆ, ತಮ್ಮನ ತಲೆ ಸವರುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಅವತ್ತು ಮೈಕ್ ಎತ್ಕೊಂಡು ನಂಗೆ ಬೈದ್ಯಲ್ಲ. ಬೈಯೋವಾಗ ನಿಂಗೆ ಗೊತ್ತಿತ್ತಾ, ಆಮೇಲೆ ಗೊತ್ತಾಯ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಆಮೇಲೆ ಗೊತ್ತಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಗೊತ್ತಿತ್ತು" ಅಂದ. "ಗೊತ್ತಾಗೇ ಬೈದೆ."

ಅವಳು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೆ?"

ಅವಳೆದುರು ನನಗೆ ಸುಳ್ಳು ಬರುವುದಿಲ್ಲ. ಬಂದಿದ್ದರೆ ಹೇಳುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

"ಅಂಗಡೀಲೇ" ಅಂದೆ.

ಭಾಮೈದ ಬೆಚ್ಚಿ ನನ್ನನ್ನು ನೋಡಿದ. ಅವನಿಗೆ ಅದು ಗೊತ್ತಿರಲಿಲ್ಲ. "ಭಾವ, ನೀವು ಸಾಟಿ ಇಲ್ಲ ಅಂದ್ರಲ್ಲ" ಅಂದ, ಬೈಗುಳವಲ್ಲ, ನಂಬಲಾಗದವನ ದನಿಯಲ್ಲಿ. ಹೆಂಡತಿ ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅರ್ಧ ಗಂಟೆಯ ನಂತರ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು. ಬಟ್ಟೆಯ ಚೀಲದಲ್ಲಿ ಅವಳ ಮೈಕು. ಟ್ಯಾಕ್ಸಿ ಕರೆದು ಎರಡೂ ಪೆಟ್ಟಿಗೆಗಳನ್ನು ಒಂದೊಂದು ಕೈಯಲ್ಲಿ ತಾನೇ ಎತ್ತಿಕೊಂಡು ಹೊರಟಳು. ನಾವು ಎದ್ದು ನಿಂತರೆ, "ಯಾರೂ ಬರ್ಬೇಡಿ" ಅಂದಳು. ತಿಂಗಳ ಮೇಲೆ ಅವಳ ಬಾಯಿಂದ ಅಷ್ಟು ಗಟ್ಟಿ ಸದ್ದು ಬಂದದ್ದು ಅದೇ ಮೊದಲು. ಮಧ್ಯಾಹ್ನ ಎರಡಕ್ಕೆ ಬೇರೆ ಜೊತೆಯೊಂದಿಗೆ ಬಂದಳು. ಭಾಮೈದ ಮೊದಲು ಮಂಕು ಎಂದು ತಳ್ಳಿದ್ದ ಜೊತೆ ಅದು. ಅಂಗಡಿಯಾಕೆ ಮೂರನ್ನೂ ನೆಲದ ಮೇಲಿಟ್ಟು ಅವಳಿಂದ ಒಂದೂವರೆ ಗಂಟೆ ಹಾಡಿಸಿದಳಂತೆ, ಎಲ್ಲಿ ಕೂಗುತ್ತದೆ ಎಂದು ಕೂಗುವವರೆಗೆ ಏರಿಸಿ ತೋರಿಸಿದಳಂತೆ. ಇದನ್ನು ಅವಳು ನಮಗೆ ಹೇಳಲಿಲ್ಲ. ಫೋನಿನಲ್ಲಿ ತನ್ನ ತಂಗಿಗೆ ಹೇಳುವಾಗ ಪಕ್ಕದ ಕೋಣೆಯಲ್ಲಿದ್ದ ನಾನು ಕೇಳಿಸಿಕೊಂಡೆ.

ಭಾಮೈದ ಆಮೇಲೆ ಬದಲಾದ. ಕಾರ್ಯಕ್ರಮದ ಹಿಂದಿನ ದಿನ ಸಭಾಂಗಣದಲ್ಲಿ ಅಕ್ಕನನ್ನು ನಿಲ್ಲಿಸಿ, ಪ್ರತಿ ಗುಂಡಿಗೂ "ಸಾಕಾ? ಇನ್ನೂ ಬೇಕಾ?" ಎಂದು ಕೇಳಿ ಕೇಳಿ, ಅವಳು ಸಾಕು ಅಂದಲ್ಲಿ ಬಿಳಿ ಪೆನ್ನಿನಿಂದ ಗುರುತು ಹಾಕಿದ. ಕಿವಿ ಎಂದು ಕರೆಸಿಕೊಂಡವನು ಹಾಗೆ ಕೇಳುತ್ತ ನಿಂತದ್ದು ನೋಡಲು ನನಗೆ ಕಷ್ಟವಾಯಿತು. ಅವನಿಗೆ ಕಷ್ಟವಾದಂತೆ ಕಾಣಲಿಲ್ಲ. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು.

ಭಾನುವಾರ ನೂರಿಪ್ಪತ್ತು ಕುರ್ಚಿಗಳೂ ತುಂಬಿದವು. ಕ್ಯಾಂಟೀನಿಗೆ ಬಂದಿದ್ದ ಕೆಲವರೂ ಇದ್ದರು, ನಿವೃತ್ತರಾದವರು ತಾಯಿಯನ್ನೂ ಕರೆತಂದಿದ್ದರು. ಅವಳು ವೇದಿಕೆಗೆ ಬಂದು ನಿಂತಳು, ಕಾಲ ಬುಡದ ಪೆಟ್ಟಿಗೆ ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ. ನಾನು ಮೂರು ಹೆಜ್ಜೆ ಹಿಂದೆ ಕೀಬೋರ್ಡಿನಲ್ಲಿದ್ದೆ, ಮೊದಲ ಹಾಡಿಗೆ ಬೆರಳಿಟ್ಟುಕೊಂಡು. ಅವಳು ಹಾಡಲಿಲ್ಲ. ಮೈಕನ್ನು ಬಾಯಿಗೆ ಹಿಡಿದು ಮಾತಾಡಿದಳು.

"ನಿಮ್ಮಲ್ಲಿ ಕೆಲವರು ಮೊನ್ನೆ ಕ್ಯಾಂಟೀನಿಗೆ ಬಂದಿದ್ರಿ. ಅವತ್ತು ನಿಮ್ಮ ಕಿವಿಗೆ ತುಂಬಾ ನೋವಾಯ್ತು. ನನ್ನ ತಪ್ಪು ಅಂತ ನಾನು ಹೇಳಿದ್ದೆ. ಅದು ನನ್ನ ತಪ್ಪಾಗಿರ್ಲಿಲ್ಲ."

ಅಷ್ಟೇ ಹೇಳಿದಳು. ಯಾರದು ಎಂದು ಹೇಳಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ. ಆಗ ಕೊನೆಯ ಸಾಲಿನ ಹಿಂದಿನಿಂದ, ಮಿಕ್ಸರಿನ ಪಕ್ಕದಿಂದ, ಐವತ್ತರ ಹತ್ತಿರದ ನನ್ನ ಭಾಮೈದ ಎದ್ದು ನಿಂತ. ತರಗತಿಯಲ್ಲಿ ಹೆಸರು ಕೂಗಿದಾಗ ಎತ್ತುವ ಹಾಗೆ ಕೈ ಎತ್ತಿ, ಮೈಕಿಲ್ಲದೆ, "ನಂದು" ಅಂದ.

ಜನ ತಮಾಷೆ ಎಂದುಕೊಂಡು ನಕ್ಕರು. ಅವನು ನಗಲಿಲ್ಲ. ನಗು ನಿಲ್ಲುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದ. ಅವಳು ಅವನ ಕಡೆ ನೋಡಿ ಒಂದು ಸಲ ತಲೆಯಾಡಿಸಿದಳು. ಆಮೇಲೂ ಅವಳು ಹಾಡು ಶುರುಮಾಡಲಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು, ಬೆನ್ನು ನನ್ನ ಕಡೆ ಹಾಕಿಕೊಂಡೇ, ಕಾದಳು.

ನನ್ನ ಎರಡೂ ಕೈಗಳು ಕೀಬೋರ್ಡಿನ ಮೇಲಿದ್ದವು. ನಾನು ಅವನ್ನು ಎತ್ತಲಿಲ್ಲ. ಅವಳು ಹಾಡತೊಡಗಿದಳು.